ಬ್ಯಾರನ್ ಬೆಂಕಿ, ಅಪ್ಪನ ನಿದ್ದೆ

ಸೆಪ್ಟೆಂಬರ್‌ನಲ್ಲಿ ಗುರುಪುರದ ಹತ್ತಿರದ ನಮ್ಮೂರಿಗೆ ಹೋಗಿದ್ದೆ. ಕೌನ್ಸೆಲಿಂಗ್ ಸೈಕಾಲಜಿಯಲ್ಲಿ ಸಂಶೋಧನೆ ಮಾಡ್ತಿರೋ ಚಿಕ್ಕಮ್ಮನ ಮಗಳೂ ಬಂದಿದ್ದಳು. ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಅಪ್ಪನಿಗೆ ಕನ್ನಡದಲ್ಲಿ ಓದಿ ಹೇಳಿದಳು. "ಎರಡು ವಾರದಿಂದ ನಿದ್ದೆಗೆ ತೊಂದರೆ ಆಗಿದ್ಯಾ ದೊಡ್ಡಪ್ಪ?"

ಅಪ್ಪ ನಕ್ಕರು. "ಬ್ಯಾರನ್‌ಗೆ ಬೆಂಕಿ ಹಾಕೋನು ಎಲ್ಲಿ ಮಲಗ್ತಾನವ್ವ?"

ಹೊಗೆಸೊಪ್ಪು ಬೇಯಿಸುವಾಗ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಉತ್ತರಕ್ಕೆ ಪೂರ್ತಿ 3 ಅಂಕ. ಹಿಂದೊಮ್ಮೆ ಹರಾಜಿನಲ್ಲಿ ದರ ಬಿದ್ದಾಗ, ಬ್ಯಾರನ್ ತಣ್ಣಗಿದ್ದರೂ ಅಪ್ಪ ರಾತ್ರಿಯೆಲ್ಲ ಜಗಲಿ ಮೇಲೆ ಕೂತಿರುತ್ತಿದ್ದರು. ಅದಕ್ಕೂ 3 ಅಂಕವೇ. ಬಗ್ ಎರಡು, ಎರರ್ ಕೋಡ್ ಒಂದೇ!

ಇದನ್ನು ಬಿಡಿಸಿ ನೋಡೋಕೆ ದೊಡ್ಡ ಲ್ಯಾಬ್ ಬೇಡ. ಪ್ರಶ್ನಾವಳಿ ಉಚಿತ. ಬೇಕಿರೋದು ಬಸ್ ಚಾರ್ಜು, ಜೆರಾಕ್ಸು, ಭಾಷೆ ಬಲ್ಲವರಿಗೊಂದಿಷ್ಟು ಸಂಭಾವನೆ. ಇಲ್ಲಿ ಟಿಬೆಟನ್ ಕ್ಯಾಂಪ್ ಇದೆ, ಹಾಡಿಗಳಲ್ಲಿ ಜೇನುಕುರುಬರ ನುಡಿ ಇದೆ. ಜೊತೆಗೆ ಅದೇ ಮನೆಗಳಿಗೆ ಎರಡು ಸಲ ಹೋಗಬೇಕು: ಬ್ಯಾರನ್ ಉರಿಯುವಾಗೊಮ್ಮೆ, ಆರಿದ ಮೇಲೊಮ್ಮೆ. ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿದೆವು. ನನ್ನ ಲ್ಯಾಪ್‌ಟಾಪಿನ ಬೆಲೆಯಷ್ಟೂ ಆಗಲಿಲ್ಲ.

ಎಂ.ವಿ. ಗೋಪಾಲಸ್ವಾಮಿ 1924ರಲ್ಲೇ ಮನಃಶಾಸ್ತ್ರ ವಿಭಾಗ ಕಟ್ಟಿದ ಮೈಸೂರು ನಮ್ಮದೇ ಜಿಲ್ಲೆ. ಆದರೂ ಈ ಪ್ರಶ್ನೆಯನ್ನು ಬ್ಯಾರನ್ ಮುಂದೆ ಕೇಳಿದ್ದನ್ನು ನಾನು ನೋಡಿದ್ದು ಅವತ್ತೇ. ದೆಹಲಿಯ ಐಸಿಎಸ್‌ಎಸ್‌ಆರ್ ಕಿರು ಸಂಶೋಧನಾ ಯೋಜನೆಗಳಿಗೂ ಅನುದಾನ ಕೊಡುತ್ತದೆ. ತಂಗಿ ತನ್ನ ಗೈಡ್ ಜೊತೆ ಅರ್ಜಿ ಬರೀತಿದ್ದಾಳೆ, ಬಜೆಟ್ ಶೀಟ್ ನನ್ನ ಪಾಲಿಗೆ.

ಹೊರಡುವಾಗ ಅಪ್ಪನ ಫೋನಲ್ಲಿ ಟೆಲಿ ಮಾನಸ್‌ನ 14416 ಸೇವ್ ಮಾಡಿದೆ. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ ಅಂದೆ.

"ಹರಾಜು ಮುಗೀಲಿ, ಆಮೇಲೆ ನೋಡಣ" ಅಂದರು.