ಆರ್ಗೈಲ್: ಅರಮನೆಯಂಥ ಕಾರ್ಖಾನೆಯ ಅಲ್ಪಾಯುಷ್ಯ

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ತಲೆಯೆತ್ತಿದ ಕಾರು ಕಂಪನಿಗಳಲ್ಲಿ ಹೆಚ್ಚಿನವು ಹೇಳಹೆಸರಿಲ್ಲದೆ ಅಳಿದುಹೋದವು. ಅವುಗಳ ಪೈಕಿ ಸ್ಕಾಟ್ಲೆಂಡಿನ ಆರ್ಗೈಲ್ ಕಂಪನಿಯ ಏಳುಬೀಳು ಪ್ರತ್ಯೇಕವಾಗಿ ಪರಿಶೀಲಿಸತಕ್ಕದ್ದು, ಏಕೆಂದರೆ ಅದು ಕಳಪೆ ಕಾರು ತಯಾರಿಸಿ ಮುಳುಗಿದ ಕಂಪನಿಯಲ್ಲ. 1899ರಲ್ಲಿ ಗ್ಲಾಸ್ಗೋ ನಗರದ ಬ್ರಿಡ್ಜ್‌ಟನ್‌ನಲ್ಲಿ ಅಲೆಕ್ಸಾಂಡರ್ ಗೋವನ್ ಆರಂಭಿಸಿದ ಈ ಉದ್ಯಮವು, ಫ್ರಾನ್ಸಿನ ರೆನೋ ಕಾರನ್ನು ಮಾದರಿಯಾಗಿಟ್ಟುಕೊಂಡು ರೂಪಿಸಿದ ಪುಟ್ಟ ಗಾಡಿಯಿಂದ ಮೊದಲುಗೊಂಡು, ಕೆಲವೇ ವರ್ಷಗಳಲ್ಲಿ ಸ್ಕಾಟ್ಲೆಂಡಿನ ಅಗ್ರಗಣ್ಯ ಕಾರು ತಯಾರಿಕಾ ಸಂಸ್ಥೆಯಾಯಿತು.

ಬೇಡಿಕೆ ಏರುತ್ತಿದ್ದುದನ್ನು ಕಂಡು ಷೇರುದಾರರಿಂದ ಭಾರಿ ಬಂಡವಾಳ ಎತ್ತಿದ ಕಂಪನಿ, ಲೋಮಂಡ್ ಸರೋವರಕ್ಕೆ ಹತ್ತಿರದ ಅಲೆಕ್ಸಾಂಡ್ರಿಯಾ ಎಂಬ ಸಣ್ಣ ಪಟ್ಟಣದಲ್ಲಿ ಹೊಸ ಕಾರ್ಖಾನೆ ಕಟ್ಟಿಸಿತು. 1906ರಲ್ಲಿ ಉದ್ಘಾಟನೆಗೊಂಡ ಅದರ ಮುಂಭಾಗಕ್ಕೆ ಕೆಂಪು ಮರಳುಗಲ್ಲು, ನೆತ್ತಿಗೆ ಗುಮ್ಮಟ, ಒಳಗೆ ಅಮೃತಶಿಲೆಯ ಮೆಟ್ಟಿಲುಗಳಿದ್ದು, ನೋಡಿದವರಿಗೆ ಅದು ಯಂತ್ರಾಗಾರಕ್ಕಿಂತ ಅರಮನೆಯೆಂದೇ ತೋರುತ್ತಿತ್ತು. ವರ್ಷಕ್ಕೆ ಸುಮಾರು 2,500 ಕಾರು ತಯಾರಿಸಬಲ್ಲಷ್ಟು ದೊಡ್ಡದಾಗಿ ಕಟ್ಟಿದ್ದರೂ ನಿಜವಾದ ಉತ್ಪಾದನೆ ಆ ಸಂಖ್ಯೆಯ ಹತ್ತಿರಕ್ಕೂ ಸುಳಿಯಲಿಲ್ಲ. ಕಾರು ಇನ್ನೂ ಸಿರಿವಂತರ ಸೊತ್ತಾಗಿದ್ದ ಕಾಲದಲ್ಲಿ, ಮಾರಾಟವಾಗುವ ಮೊದಲೇ ಮಾರುಕಟ್ಟೆಯನ್ನು ಊಹಿಸಿ ಹಣ ಹೂಡಿದ್ದೇ ಕಂಪನಿಯ ಮೂಲ ತಪ್ಪು. 1907ರಲ್ಲಿ ಗೋವನ್ ಇನ್ನೂ ನಡುವಯಸ್ಸು ತಲುಪುವ ಮುನ್ನವೇ ತೀರಿಕೊಂಡರು. ಮರುವರ್ಷ ಕಂಪನಿ ದಿವಾಳಿಯೆದ್ದಿತು.

ಆದರೂ ಹೊಸ ಆಡಳಿತದಡಿ ಮರುಜೀವ ಪಡೆದ ಆರ್ಗೈಲ್, ತಾಂತ್ರಿಕವಾಗಿ ತನ್ನ ಅತ್ಯುತ್ತಮ ಕೆಲಸವನ್ನು ಮಾಡಿದ್ದು ಈ ಎರಡನೆಯ ಅವಧಿಯಲ್ಲಿಯೇ. ಬಹುತೇಕ ಕಾರುಗಳಿಗೆ ಹಿಂದಿನ ಗಾಲಿಗಳಲ್ಲಷ್ಟೇ ಬ್ರೇಕ್ ಇದ್ದ ಆ ಕಾಲದಲ್ಲಿ ಅದು ನಾಲ್ಕೂ ಗಾಲಿಗಳಿಗೆ ಬ್ರೇಕ್ ಒದಗಿಸಿತು. ಅದಕ್ಕಿಂತ ಮಹತ್ವದ್ದು ಪೀಟರ್ ಬರ್ಟ್ ಮತ್ತು ಮೆಕಲಮ್ ರೂಪಿಸಿದ ಸ್ಲೀವ್ ವಾಲ್ವ್ ಎಂಜಿನ್. ಸಾಮಾನ್ಯ ಎಂಜಿನ್ನಿನಲ್ಲಿ ಇಂಧನದ ಮಿಶ್ರಣವನ್ನು ಒಳಗೆ ಬಿಡಲು ಮತ್ತು ಹೊಗೆಯನ್ನು ಹೊರಗೆ ಕಳಿಸಲು ಸ್ಪ್ರಿಂಗ್ ಬಲದಿಂದ ಮುಚ್ಚಿಕೊಳ್ಳುವ ಕವಾಟಗಳಿರುತ್ತವೆ. ಅವುಗಳ ಬಡಿತದ ಸದ್ದು ಆಗಿನ ಕಾರುಗಳ ದೊಡ್ಡ ಪೀಡೆಯಾಗಿತ್ತು. ಆರ್ಗೈಲ್ ಎಂಜಿನ್ನಿನಲ್ಲಿ ಪಿಸ್ಟನ್‌ಗೂ ಸಿಲಿಂಡರ್‌ಗೂ ನಡುವೆ ರಂಧ್ರಗಳುಳ್ಳ ತೆಳುವಾದ ಲೋಹದ ಕೊಳವೆಯೊಂದು ಮೇಲೆಕೆಳಗೆ ಸರಿಯುತ್ತ, ಜೊತೆಗೆ ಸ್ವಲ್ಪ ಅತ್ತಿತ್ತ ತಿರುಗುತ್ತ, ಸಿಲಿಂಡರಿನ ರಂಧ್ರಗಳಿಗೆ ಹೊಂದಿಕೊಂಡಾಗ ದಾರಿ ತೆರೆದು, ಸರಿದಾಗ ಮುಚ್ಚುತ್ತಿತ್ತು. ಎಂಜಿನ್ನಿನ ಸದ್ದು ಗಣನೀಯವಾಗಿ ತಗ್ಗಿತು.

ಅಮೆರಿಕದ ಚಾರ್ಲ್ಸ್ ನೈಟ್ ಇದಕ್ಕೂ ಮೊದಲೇ ಒಂದರೊಳಗೊಂದು ಸರಿಯುವ ಎರಡು ಕೊಳವೆಗಳ ಎಂಜಿನ್ನಿಗೆ ಪೇಟೆಂಟ್, ಅಂದರೆ ಆವಿಷ್ಕಾರದ ಮೇಲಿನ ಕಾನೂನುಬದ್ಧ ಹಕ್ಕು, ಪಡೆದಿದ್ದುದರಿಂದ ಆ ಪಕ್ಷದವರು ದಾವೆ ಹೂಡಿದರು. ಆರ್ಗೈಲ್ ಗೆದ್ದಿತು, ಆದರೆ ವ್ಯಾಜ್ಯದ ವೆಚ್ಚ ಮೊದಲೇ ಸೊರಗಿದ್ದ ಕಂಪನಿಗೆ ತಾಳಲಾಗದ ಹೊರೆಯಾಯಿತು. 1913ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದಲ್ಲಿ ಅದರ ಕಾರು ದೀರ್ಘ ಓಟದ ದಾಖಲೆಗಳನ್ನು ಸ್ಥಾಪಿಸಿದರೂ ಸಾಲ ತೀರಲಿಲ್ಲ. 1914ರಲ್ಲಿ ಕಂಪನಿ ಮತ್ತೆ ದಿವಾಳಿಯಾಗಿ ಅಲೆಕ್ಸಾಂಡ್ರಿಯಾದ ಕಾರ್ಖಾನೆ ಕೈತಪ್ಪಿ, ಮುಂದೆ ಬ್ರಿಟಿಷ್ ನೌಕಾಪಡೆಯ ಟಾರ್ಪಿಡೊ ತಯಾರಿಕೆಗೆ ಬಳಕೆಯಾಯಿತು. ಮೊದಲನೆಯ ಮಹಾಯುದ್ಧದ ನಂತರ ಬ್ರಿಡ್ಜ್‌ಟನ್‌ನಲ್ಲಿ ಆರ್ಗೈಲ್ ಹೆಸರಿನ ಕೆಲವೇ ಕಾರುಗಳು ತಯಾರಾಗಿ, ಅದೂ ನಿಂತಿತು.

ಕಂಪನಿ ಅಳಿದರೂ ಆರ್ಗೈಲ್ ಎಂಜಿನ್ನಿನ ಏಕಕೊಳವೆಯ ತತ್ತ್ವವನ್ನು ಬ್ರಿಸ್ಟಲ್ ಕಂಪನಿ ಮುಂದೆ ವಿಮಾನ ಎಂಜಿನ್‌ಗಳಿಗೆ ಅಳವಡಿಸಿತು. ಎರಡನೆಯ ಮಹಾಯುದ್ಧದಲ್ಲಿ ಬ್ಯೂಫೈಟರ್ ಮತ್ತು ಸ್ಟರ್ಲಿಂಗ್ ವಿಮಾನಗಳನ್ನು ಹಾರಿಸಿದ ಹರ್ಕ್ಯುಲಿಸ್ ಎಂಜಿನ್ ಇದೇ ತತ್ತ್ವದ ಮೇಲೆ ನಡೆಯುತ್ತಿತ್ತು.