ರಿಪೋರ್ಟಿನಲ್ಲಿ ‘ಸಿಡಿ4’ ಅಂತ ಉಂಟು, ಎಂತ ಅದು?

ನಮ್ಮ ಗುತ್ತಿಗಾರಿನ ಕಡೆ ಸುಲಿದ ಅಡಿಕೆಯನ್ನು ಮಾರುವ ಮೊದಲು ಹೆಕ್ಕಿ ಬೇರೆ ಮಾಡುವ ಕೆಲಸ ಇರುತ್ತದೆ. ಪಟೋರ ಒಂದು ಕಡೆ, ಕರಿಗೋಟು ಇನ್ನೊಂದು ಕಡೆ. ಕಣ್ಣಿಗೆ ವ್ಯತ್ಯಾಸ ಕಾಣುತ್ತದೆ, ಕೈ ತಾನಾಗಿ ಓಡುತ್ತದೆ. ರಕ್ತದಲ್ಲಿ ಇದೇ ಕೆಲಸ ಮಾಡಲು ಹೊರಟರೆ ಕಣ್ಣು ಸೋಲುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಸುಮಾರು 50 ಲಕ್ಷ ಕೆಂಪು ಕಣಗಳು, ನಾಲ್ಕರಿಂದ ಹನ್ನೊಂದು ಸಾವಿರ ಬಿಳಿ ಕಣಗಳು. ಅದರೊಳಗೆ ನಮಗೆ ಬೇಕಾದ ಒಂದು ಜಾತಿಯವು ಬರೀ 500ರಿಂದ 1500. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅವೂ ಅವುಗಳ ಅಣ್ಣತಮ್ಮಂದಿರೂ ಒಂದೇ ಥರ.

ಆ ಜಾತಿಯ ಗುರುತು ಸಿಡಿ4 ಎಂಬ ಪ್ರೋಟೀನ್. ಕಣದ ಮೈಮೇಲೆ ಕೂತಿರುತ್ತದೆ. ರೋಗಾಣುವಿನ ತುಣುಕನ್ನು ಬೇರೊಂದು ಕಣ ಎತ್ತಿ ತೋರಿಸಿದಾಗ ಗಟ್ಟಿಯಾಗಿ ಹಿಡಿದುಕೊಂಡು, ಒಳಗಡೆಗೆ ಸಿಗ್ನಲ್ ದಾಟಿಸಲು ನೆರವಾಗುವುದು ಇದೇ. ಸಿಗ್ನಲ್ ಸಿಕ್ಕಿದ ಕಣ ಉಳಿದ ಸೈನ್ಯವನ್ನು ಕರೆಯುತ್ತದೆ. ಎಚ್‌ಐವಿ ವೈರಸ್ ಹಿಡಿಯುವುದೂ ಇದೇ ಸಿಡಿ4 ಅನ್ನು. ಅಲಾರಂ ಬಟನ್ನನ್ನೇ ಬಾಗಿಲ ಹಿಡಿ ಮಾಡಿಕೊಂಡ ಕಳ್ಳ ಅನ್ನಿ.

ಹಾಗಾದರೆ ಕಾಣದ್ದನ್ನು ಎಣಿಸುವುದು ಹೇಗೆ? ಬಣ್ಣ ಹಚ್ಚಿ. ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ 1941ರಲ್ಲಿ ಪ್ರತಿಕಾಯಕ್ಕೆ, ಅಂದ್ರೆ ಆ್ಯಂಟಿಬಾಡಿಗೆ, ಹೊಳೆಯುವ ಬಣ್ಣ ಅಂಟಿಸಿ ತೋರಿಸಿದರು. ಆ್ಯಂಟಿಬಾಡಿ ತನ್ನ ಗುರಿಗೆ ಹೋಗಿ ಅಂಟುತ್ತದೆ, ಬಣ್ಣವೂ ಜೊತೆಗೆ ಹೋಗುತ್ತದೆ. ಆದರೆ ಒಂದೇ ಗುರಿಗೆ, ಪ್ರತಿ ಸಲವೂ ಒಂದೇ ರೀತಿ ಅಂಟುವ ಆ್ಯಂಟಿಬಾಡಿ ಬೇಕಲ್ಲ. ಅದನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು 1975ರಲ್ಲಿ ಕೇಂಬ್ರಿಜ್‌ನಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಕಂಡುಹಿಡಿದರು, 1984ರಲ್ಲಿ ನೊಬೆಲ್ ಬಂತು. ಬಣ್ಣಗಳಲ್ಲಿ ಎಫ್‌ಐಟಿಸಿ ಹಸಿರಾಗಿ ಹೊಳೆಯುತ್ತದೆ. ಪಿಇ ಎಂಬ ಇನ್ನೊಂದು ಕಿತ್ತಳೆ ಬಣ್ಣಕ್ಕೆ ಹತ್ತಿರ, ಅದು ಸಿಗುವುದು ಕೆಂಪು ಪಾಚಿಯಿಂದ. ಸಮುದ್ರದ ಪಾಚಿ ರಕ್ತ ಪರೀಕ್ಷೆಗೆ ಬಂದ ಕತೆ ನನಗೆ ಬಹಳ ಇಷ್ಟ.

ಬಣ್ಣ ಬೆರೆಸಿದ ರಕ್ತವನ್ನು ಫ್ಲೋ ಸೈಟೋಮೀಟರ್ ಎಂಬ ಯಂತ್ರಕ್ಕೆ ಹಾಕುತ್ತಾರೆ. ಕಣಗಳು ಸಾಲಾಗಿ, ಒಂದೊಂದಾಗಿ ಲೇಸರ್ ಬೆಳಕಿನ ಮುಂದೆ ಹಾದುಹೋಗುತ್ತವೆ. ಹೊಳೆದದ್ದು ಲೆಕ್ಕಕ್ಕೆ, ಹೊಳೆಯದ್ದು ಪಕ್ಕಕ್ಕೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ದೊಡ್ಡದೊಂದು ಲಾಗ್ ಫೈಲಿನಲ್ಲಿ ಒಂದೇ ಪದವನ್ನು ಫಿಲ್ಟರ್ ಮಾಡಿದ ಹಾಗೆ.

ಇಷ್ಟೆಲ್ಲ ನಾನು ಓದಿದ್ದು ಶಾಲೆಯಲ್ಲಿ ಜೊತೆಗಿದ್ದ ಒಬ್ಬನಿಗಾಗಿ. (ಅವನನ್ನು ಕೇಳಿಯೇ ಬರೆಯುತ್ತಿದ್ದೇನೆ.) ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. “ನೀನು ಇಂಜಿನಿಯರ್ ಅಲ್ವಾ ಮಾರಾಯ, ಇದು ಎಂತ ಹೇಳು. 186 ಅಂತ ಉಂಟು.” ಊರಲ್ಲಿ ಇಂಜಿನಿಯರ್ ಅಂದರೆ ಪ್ರಿಂಟರ್‌ನಿಂದ ಹಿಡಿದು ರಕ್ತದವರೆಗೆ ಎಲ್ಲಕ್ಕೂ ಅವನೇ! ಹತ್ತಿರದಲ್ಲಿ ಎಲ್ಲಿ ಹೋದರೂ ಗುರುತಿನವರು ಸಿಕ್ಕಿಯಾರು ಎಂದು ಅವನು ಮಂಗಳೂರಿನವರೆಗೆ ಬಸ್ಸಿನಲ್ಲಿ ಹೋಗುತ್ತಿದ್ದ. ಮನೆಯಲ್ಲಿ ಹೇಳುವುದು, ಕೆಲಸ ಉಂಟು ಅಂತ. ಕಾಯಿಲೆಗಿಂತ ಈ ಬಸ್ ಪ್ರಯಾಣವೇ ಅವನನ್ನು ಹೆಚ್ಚು ಸುಸ್ತು ಮಾಡಿತ್ತು ಅಂತ ನನಗೆ ಅನಿಸಿದ್ದು.

186 ಅಂದರೆ ಭಯಪಡುವ ಸಂಖ್ಯೆಯಾ? ಎಚ್ಚರಿಕೆಯ ಸಂಖ್ಯೆ. 200ಕ್ಕಿಂತ ಕೆಳಗೆ ಹೋದರೆ ಕ್ಷಯ, ಕೆಲವು ಜಾತಿಯ ನ್ಯುಮೋನಿಯಾದಂಥವು ಸುಲಭವಾಗಿ ಹತ್ತುತ್ತವೆ. ಹಾಗಾಗಿ ಎಚ್‌ಐವಿ ಮಾತ್ರೆಯ ಜೊತೆ ಸೋಂಕು ತಡೆಯಲು ಕೋಟ್ರೈಮೋಕ್ಸಜೋಲ್ ಕೂಡ ಕೊಡುತ್ತಾರೆ. ಮಾತ್ರೆ ತಪ್ಪದೆ ತಗೊಂಡರೆ ಸಂಖ್ಯೆ ಮೇಲೇರುತ್ತದೆ, ಆದರೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇದೇ ಸಂಖ್ಯೆ ಒಂದು ಕಾಲಕ್ಕೆ ಗೇಟಿನ ಹಾಗೆ ನಿಂತಿತ್ತು. ದೇಶದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ ಶುರುವಾದದ್ದು 2004ರ ಏಪ್ರಿಲ್ 1ರಂದು. ಮೊದಲ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆಗ ರೋಗಲಕ್ಷಣ ಇಲ್ಲದವರಿಗೆ ಸಾಮಾನ್ಯವಾಗಿ ಸಿಡಿ4 200ರ ಕೆಳಗೆ ಇಳಿದ ಮೇಲೇ ಮಾತ್ರೆ. 210 ಇದ್ದವರು ಕಾಯಬೇಕಿತ್ತು, ಅಂದರೆ ಇನ್ನಷ್ಟು ಹದಗೆಡುವ ತನಕ! ಆಮೇಲೆ ಮಿತಿ 350 ಆಯ್ತು, 500 ಆಯ್ತು. 2017ರಲ್ಲಿ ಗೇಟನ್ನೇ ತೆಗೆದರು. ಈಗ ಸೋಂಕು ಖಚಿತವಾದವರಿಗೆಲ್ಲ ಚಿಕಿತ್ಸೆ. ಔಷಧ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಮುಖ್ಯವಾಗಿ ವೈರಲ್ ಲೋಡ್ ಪರೀಕ್ಷೆ. ಅದು ಪತ್ತೆಯಾಗದ ಮಟ್ಟಕ್ಕೆ ಇಳಿದು ಅಲ್ಲೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ. ಮದುವೆ ಮಾತುಕತೆಯ ವಯಸ್ಸಿನವರಿಗೆ ಇದು ಸಣ್ಣ ಸುದ್ದಿಯಲ್ಲ.

ಇನ್ನು ಗುಟ್ಟಿನ ಮಾತು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ ಪ್ರಕಾರ, ಈ ಕಾರಣಕ್ಕೆ ಕೆಲಸದಲ್ಲಿ ತಾರತಮ್ಯ ಮಾಡುವಂತಿಲ್ಲ. ಒಪ್ಪಿಗೆಯಿಲ್ಲದೆ ವಿಷಯ ಬಹಿರಂಗಪಡಿಸುವುದಕ್ಕೂ ತಡೆ ಇದೆ. ಪರೀಕ್ಷೆ ಎಲ್ಲಿ, ಮಾತ್ರೆ ಎಲ್ಲಿ ಎಂದು ಕೇಳಲು 1097ಕ್ಕೆ ಕರೆ ಮಾಡಿದರೆ ಸಾಕು, ದುಡ್ಡಿಲ್ಲ.

ರಿಪೋರ್ಟ್ ಕೈಗೆ ಬಂದವರಿಗೆ ಇನ್ನೊಂದು: ಸಿಡಿ4 ದಿನವಿಡೀ ಒಂದೇ ಇರುವುದಿಲ್ಲ. ಬೆಳಿಗ್ಗೆ ಕಡಿಮೆ, ಸಂಜೆ ಹೆಚ್ಚು. ಜ್ವರ ಬಂದಾಗ ಇಳಿಯುತ್ತದೆ, ಗರ್ಭಿಣಿಯರಲ್ಲೂ ಇಳಿಯುತ್ತದೆ. ಹೋದ ಸಲ 420, ಈ ಸಲ 390 ಅಂತ ರಾತ್ರಿ ನಿದ್ದೆಗೆಡಬೇಡಿ. ಹಳೆಯ ರಿಪೋರ್ಟುಗಳನ್ನೂ ಒಟ್ಟಿಗಿಟ್ಟು ಡಾಕ್ಟರಿಗೆ ತೋರಿಸಿ, ಸಾಧ್ಯವಾದರೆ ಪ್ರತಿ ಸಲ ಒಂದೇ ಹೊತ್ತಿಗೆ ರಕ್ತ ಕೊಡಿ.