ಲೋಡ್ ಹಾಕಿದ್ರೆ ಪಿಕಪ್ ಹಿಂದೆ ಕೂರುತ್ತಾ? ಪ್ಲೇಟ್ ಹಾಕಿಸೋ ಮೊದಲು ಇಷ್ಟು ನೋಡಿ

ಟೊಮೆಟೊ ಸೀಸನ್‌ನಲ್ಲಿ ಕೋಲಾರ ಮಂಡಿ ಕಡೆ ಹೋಗೋ ರಸ್ತೆ ನೋಡಿ. ಮೂತಿ ಮೇಲೆತ್ತಿ, ಹಿಂಭಾಗ ನೆಲಕ್ಕೆ ಇಳಿಬಿಟ್ಟುಕೊಂಡು ಹೋಗೋ ಪಿಕಪ್‌ಗಳು ಸಾಲಾಗಿ ಸಿಗುತ್ತವೆ. ಕೇಳಿದ್ರೆ "ಇನ್ನೆರಡು ಪ್ಲೇಟ್ ಹಾಕಿಸ್ಬೇಕು ಅಣ್ಣ" ಅಂತಾರೆ. ಹಾಕಿಸಬೇಕಾಗಬಹುದು, ಬೇಡವೂ ಆಗಬಹುದು. ಗಾಡಿ ಯಾಕೆ ಕೂರುತ್ತಿದೆ ಅಂತ ಮೊದಲು ತಿಳಿಯಬೇಕು.

ಲೋಡಿಗೆ ಸ್ವಲ್ಪ ಕೂರೋದು ತಪ್ಪಲ್ಲ, ಸ್ಪ್ರಿಂಗ್ ಇರೋದೇ ಅದಕ್ಕೆ. ಕಮಾನಿನ ಹಾಗೆ ಬಾಗಿರೋ ಪ್ಲೇಟ್‌ಗಳು ಫುಲ್ ಲೋಡಿಗೆ ಹೆಚ್ಚುಕಡಿಮೆ ನೇರವಾದರೆ ಗಾಬರಿ ಬೇಡ. ಉಲ್ಟಾ ಬಾಗಿದರೆ, ಅಥವಾ ಆಕ್ಸಲ್ ಮೇಲಿರೋ ರಬ್ಬರ್ ಬಂಪ್ ಸ್ಟಾಪ್‌ಗೆ ತಾಗುತ್ತಿದ್ದರೆ ಮಾತ್ರ ತೊಂದರೆ. ಆಗ ಪ್ರತಿ ಗುಂಡಿಯ ಏಟು ನೇರವಾಗಿ ಚಾಸಿಗೆ, ಅಲ್ಲಿಂದ ಕ್ರೇಟಿಗೆ. ಮಂಡಿಯಲ್ಲಿ ಕೆಳಗಿನ ಕ್ರೇಟಿನ ಹಣ್ಣು ನಜ್ಜಾಗಿದೆ ಅಂತ ರೇಟು ಕಡಿಮೆ ಮಾಡಿದರೆ, ತಪ್ಪು ತಳಿಯದ್ದೇ ಇರಬೇಕಾಗಿಲ್ಲ. ಇನ್ನೊಂದು ಅಪಾಯ ಮುಂದಿನ ಚಕ್ರಗಳದ್ದು. ಅವುಗಳ ಮೇಲಿನ ಭಾರ ಕಡಿಮೆಯಾದರೆ ಸ್ಟೇರಿಂಗ್ ಹಗುರಾಗುತ್ತೆ, ಬ್ರೇಕ್ ಹಿಡಿತ ತಪ್ಪುತ್ತೆ. ಹೆಡ್‌ಲೈಟ್ ಎದುರಿನವರ ಕಣ್ಣಿಗೇ ಹೊಡೆಯುತ್ತೆ.

ಖರ್ಚಿಲ್ಲದ ಕೆಲಸ ಮೊದಲು: ಲೋಡ್ ಎಲ್ಲಿ ಕೂತಿದೆ ನೋಡಿ. ಲೆಕ್ಕಕ್ಕೆ ಮುಂದಿನ ಮತ್ತು ಹಿಂದಿನ ಆಕ್ಸಲ್ ನಡುವೆ 3 ಮೀಟರ್ ಅಂತರ ಅಂತಿಟ್ಟುಕೊಳ್ಳಿ. 25 ಕೆಜಿಯ 60 ಕ್ರೇಟ್, ಅಂದ್ರೆ 1,500 ಕೆಜಿ. ಈ ಭಾರದ ಮಧ್ಯಬಿಂದು ಹಿಂದಿನ ಆಕ್ಸಲ್‌ಗಿಂತ ಅರ್ಧ ಮೀಟರ್ ಮುಂದಿದ್ದರೆ ಹಿಂದಕ್ಕೆ 1,250 ಕೆಜಿ, ಮುಂದಕ್ಕೆ 250 ಕೆಜಿ ಬೀಳುತ್ತೆ. ಅದೇ ಭಾರ ಆಕ್ಸಲ್‌ನಿಂದ 30 ಸೆಂ.ಮೀ. ಹಿಂದೆ ಸರಿದರೆ ಹಿಂದಕ್ಕೆ 1,650 ಕೆಜಿ! ಮುಂದಿನ ಚಕ್ರದ ಮೇಲಿದ್ದ ಭಾರದಲ್ಲಿ 150 ಕೆಜಿ ಕಳೆದುಹೋಗುತ್ತೆ. ಒಂದೇ ಗಾಡಿ, ಒಂದೇ ಲೋಡು. ಹಿಂದಿನ ಸ್ಪ್ರಿಂಗಿಗೆ 400 ಕೆಜಿ ವ್ಯತ್ಯಾಸ. ಆದ್ದರಿಂದ ಭಾರದ ಕ್ರೇಟ್ ಕ್ಯಾಬಿನ್‌ಗೆ ಒತ್ತಿ ಜೋಡಿಸಿ, ಸೊಪ್ಪು, ಖಾಲಿ ಕ್ರೇಟ್ ಹಿಂದಕ್ಕಿಡಿ.

ಎರಡನೆಯದು ನಿಜವಾದ ತೂಕ. ಗೊಬ್ಬರದ ವಿಷಯದಲ್ಲಿ ಕಣ್ಣಳತೆ ನಂಬಲೇಬೇಡಿ. ಒಂದೇ ಎತ್ತರಕ್ಕೆ ತುಂಬಿದ್ರೂ ಮಳೆಯಲ್ಲಿ ನೆನೆದ ಗೊಬ್ಬರ ಒಣಗಿದ್ದಕ್ಕಿಂತ ಎಷ್ಟೋ ಭಾರ. 200 ಲೀಟರಿನ ಜೀವಾಮೃತದ ಡ್ರಮ್ ಒಂದೊಂದೂ 200 ಕೆಜಿ. ಒಮ್ಮೆ ವೇ ಬ್ರಿಡ್ಜ್ ಮೇಲೆ ಹತ್ತಿಸಿ, ಆರ್‌ಸಿಯಲ್ಲಿರೋ ಒಟ್ಟು ತೂಕಕ್ಕೆ ಹೋಲಿಸಿ. ಪ್ಲೇಟ್ ಹೆಚ್ಚಿಸಿದ ಮಾತ್ರಕ್ಕೆ ಆ ಮಿತಿ ಹೆಚ್ಚಲ್ಲ. ಆಕ್ಸಲ್, ಬೇರಿಂಗ್, ಟೈರ್, ಬ್ರೇಕ್ ಎಲ್ಲ ಹಳೆಯವೇ. 2019ರ ತಿದ್ದುಪಡಿಯಲ್ಲಿ ಓವರ್‌ಲೋಡಿಗೆ 20,000 ರೂಪಾಯಿ, ಜೊತೆಗೆ ಹೆಚ್ಚುವರಿ ಟನ್‌ಗೆ 2,000 ಅಂತ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ್ದಾರೆ. ಒಂದು ಟ್ರಿಪ್ಪಿನ ಲಾಭ ಎಷ್ಟು ಅಂತ ನಿಮಗೇ ಗೊತ್ತು.

ತೂಕ ಸರಿಯಿದ್ದೂ ಕೂರುತ್ತಿದ್ದರೆ ಟೇಪ್ ತಗೊಳ್ಳಿ. ಸಮತಟ್ಟು ಜಾಗದಲ್ಲಿ ಗಾಡಿ ಖಾಲಿ ನಿಲ್ಲಿಸಿ, ಹಿಂದಿನ ಚಕ್ರದ ನಡುವಿನಿಂದ ನೇರ ಮೇಲೆ ಬಾಡಿಯ ಅಂಚಿನವರೆಗೆ ಎರಡೂ ಕಡೆ ಅಳೆಯಿರಿ. ಲೋಡ್ ಹಾಕಿ ಮತ್ತೆ ಅಳೆದು, ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಕಡೆ ಬಾಗಿದ್ದರೆ ಆ ಬದಿಯಲ್ಲಿ ಪ್ಲೇಟ್ ಮುರಿದಿರಬಹುದು. ಬಿರುಕು ಹೆಚ್ಚಾಗಿ ಯು-ಬೋಲ್ಟ್ ಹತ್ತಿರ, ಸೆಂಟರ್ ಬೋಲ್ಟಿನ ತೂತಿನ ಬಳಿ ಶುರುವಾಗುತ್ತೆ. ಬ್ರಷ್‌ನಿಂದ ಮಣ್ಣು ಕೆರೆದು ಟಾರ್ಚ್ ಹಾಕಿ ನೋಡಿ. ಸೆಂಟರ್ ಬೋಲ್ಟ್ ಕಟ್ಟಾದರೆ ಆಕ್ಸಲ್ ಜಾರಿ ಗಾಡಿ ಓರೆಯಾಗಿ ಓಡುತ್ತೆ. ಶ್ಯಾಕಲ್ ಬುಷ್ ಸವೆದಿದ್ದರೂ ಅಳತೆ ತಪ್ಪುತ್ತೆ. ಬರೀ ಜಾಕ್ ನಂಬಿ ಗಾಡಿ ಕೆಳಗೆ ಮಲಗಬೇಡಿ, ಸ್ಟ್ಯಾಂಡ್ ಇರಲೇಬೇಕು.

ಶಾಕ್ ಅಬ್ಸಾರ್ಬರ್ ಬದಲಿಸಿದರೆ ಎತ್ತರ ಬರುತ್ತೆ ಅನ್ನೋದು ಸುಳ್ಳು ನಂಬಿಕೆ. ಅದು ಕುಣಿತ ತಡೆಯುತ್ತೆ ಅಷ್ಟೇ, ಭಾರ ಹೊರೋದು ಪ್ಲೇಟು.

ಸೋತ ಪ್ಲೇಟ್‌ಗಳನ್ನ ಬಡಿದು ಮತ್ತೆ ಕಮಾನು ಮಾಡಿಕೊಡೋರು ಇದ್ದಾರೆ. ಅಗ್ಗದ ದಾರಿ ನಿಜ. ಆದರೆ ಕಾಯಿಸಿದ ಮೇಲೆ ಸರಿಯಾಗಿ ಹದ ಕೊಡದಿದ್ದರೆ ಬೇಗ ಮತ್ತೆ ಚಪ್ಪಟೆಯಾಗುತ್ತೆ. ಹಳೇ ಪ್ಲೇಟ್ ತುಂಬಾ ಸೋತಿದ್ದರೆ ಹೊಸ ಸೆಟ್ಟೇ ಹಾಕಿಸಿ, ಅದೂ ಎರಡೂ ಕಡೆ. ಮುರಿದ ಪ್ಲೇಟಿಗೆ ವೆಲ್ಡಿಂಗ್ ಯಾರೇ ಹೇಳಿದರೂ ಬೇಡ, ಆ ಕಾವಿಗೆ ಉಕ್ಕಿನ ಹದವೇ ಹೋಗುತ್ತೆ.

ಸ್ಪ್ರಿಂಗ್ ಚೆನ್ನಾಗಿದ್ದು ವಾರದಲ್ಲಿ ಒಂದೆರಡು ದಿನ ಮಾತ್ರ ಫುಲ್ ಲೋಡ್ ಹೊಡೆಯೋರಿಗೆ ನನ್ನ ಆಯ್ಕೆ ಹೆಲ್ಪರ್ ಪ್ಲೇಟ್. ಲೋಡ್ ಬಿದ್ದಾಗ ಮಾತ್ರ ಅದು ಕೆಲಸಕ್ಕೆ ಬರುತ್ತೆ. ಮುಖ್ಯ ಸೆಟ್ಟಿಗೇ ದಪ್ಪ ಪ್ಲೇಟ್ ತುರುಕಿದರೆ ಅರ್ಧ ಲೋಡಿನಲ್ಲಿ ಗಾಡಿ ಕುದುರೆ ಥರ ಎಗರುತ್ತೆ. ಸ್ಟ್ರಾಬೆರಿ, ಅಂಜೂರ, ಪಪ್ಪಾಯ ಸಾಗಿಸೋರಿಗೆ ಅದು ಕೂತ ಗಾಡಿಗಿಂತ ದುಬಾರಿ.

ಕೆಲಸ ಮುಗಿದಾಗ ಮೆಕ್ಯಾನಿಕ್‌ಗೆ ಒಂದು ಪ್ರಶ್ನೆ ಕೇಳಿ: ಹಿಂದಿನ ಆಕ್ಸಲ್‌ಗೆ ಸರಳಿನಿಂದ ಜೋಡಿಸಿದ ಬ್ರೇಕ್ ವಾಲ್ವ್ ಇದೆಯಾ? ಇದ್ದರೆ, ಚಾಸಿ ಮತ್ತು ಆಕ್ಸಲ್ ನಡುವಿನ ಅಂತರ ನೋಡಿಯೇ ಅದು ಹಿಂದಿನ ಬ್ರೇಕಿಗೆ ಒತ್ತಡ ಬಿಡೋದು. ಗಾಡಿ ಎತ್ತರವಾದರೆ ಲೋಡಿಲ್ಲ ಅಂದುಕೊಂಡು ಹಿಂದಿನ ಬ್ರೇಕ್ ಕಡಿಮೆ ಮಾಡುತ್ತೆ. ಅದನ್ನ ಹೊಸ ಎತ್ತರಕ್ಕೆ ಹೊಂದಿಸಿಯೇ ಗಾಡಿ ಹೊರತೆಗೆಯಿರಿ. ಯು-ಬೋಲ್ಟ್ ಹೊಸದೇ ಇರಲಿ, ಲೋಡ್‌ನಲ್ಲಿ ಒಂದೆರಡು ಟ್ರಿಪ್ ಹೊಡೆದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.